ಶೆಯೋಲ್ ಎಂಬ ಊರಿಗೆ

ಬೆಳ್ಮಣ್
೫ ನವೆಂಬರ್ ೧೯೭೮

ಪ್ರೀತಿಯ ತಮ್ಮ ಬೆಂಜಮಿನ್,

ವಯಸ್ಸಿನ ಲೆಕ್ಕದಲ್ಲಿ ನನ್ನ ಆಶೀರ್ವಾದ ನಿನಗೆ, ದೀಕ್ಷೆಯ ಲೆಕ್ಕದಲ್ಲಿ ನಿನ್ನ ಆಶೀರ್ವಾದ ನಮಗೆ. ಯಾವುದು ಮೊದಲು ಎಂದು ಅಪ್ಪ ಬದುಕಿರುವಾಗಲೇ ತೀರ್ಮಾನವಾಗಲಿಲ್ಲ, ಈಗ ಯಾಕೆ. ನಿನ್ನ ಆಗಸ್ಟ್ ತಿಂಗಳ ಪತ್ರಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿರುವುದಕ್ಕೆ ಕ್ಷಮಿಸು. ಇನ್‌ಲ್ಯಾಂಡ್ ಲೆಟರ್ ಬಿಡಿಸಿ ಕೂತದ್ದೂ ಉಂಟು, ಮಡಚಿ ಎತ್ತಿಟ್ಟದ್ದೂ ಉಂಟು. ಈ ಸಲ ಹಾಳೆಗಳನ್ನೇ ತೆಗೆದುಕೊಂಡಿದ್ದೇನೆ. ಮನೆಯಲ್ಲಿ ನಡೆದ ಮಾತೆಲ್ಲ ಕೊಂಕಣಿಯದ್ದು, ಬರೆಯುತ್ತಿರುವುದು ಕನ್ನಡದಲ್ಲಿ. ಅಪ್ಪ ನಮಗೆ ಕಲಿಸಿದ್ದೇ ಹಾಗೆ: ಜಗಳ ಕೊಂಕಣಿಯಲ್ಲಿ, ಕಾಗದ ಕನ್ನಡದಲ್ಲಿ.

ನಿನ್ನ ಅತ್ತಿಗೆ ಕಾನ್ಸೆಪ್ಟಾಳನ್ನು ಮಣಿಪಾಲದಿಂದ ಮನೆಗೆ ಕರೆತಂದೆವು. ಡಾಕ್ಟರರು ಒಳ್ಳೆಯವರು, ನನ್ನನ್ನು ಹೊರಗೆ ಕರೆದು, "ಇನ್ನು ಇಲ್ಲಿ ಇಟ್ಟುಕೊಂಡು ಪ್ರಯೋಜನ ಇಲ್ಲ, ಮಾಸ್ಟ್ರೇ. ಅವರಿಗೆ ಬೇಕಾದ್ದನ್ನು ಕೊಡಿ" ಎಂದರು. ಹೊಟ್ಟೆಯಲ್ಲಿ ಎದ್ದದ್ದು ಈಗ ಎಲ್ಲ ಕಡೆಗೂ ಹಬ್ಬಿದೆಯಂತೆ. ಲೊರ್ನಾ ಕಾರ್ಕಳದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ತಾಯಿಯನ್ನು ನೋಡಿಕೊಳ್ಳುತ್ತಾಳೆ. ಮಗಳು ಹತ್ತಿರ ಇರುವುದು ನನ್ನ ಪುಣ್ಯ.

ಆದರೆ ನಾನು ಬರೆಯಲು ಕೂತದ್ದು ರೋಗದ ಬಗ್ಗೆ ಅಲ್ಲ. ಕಾನ್ಸೆಪ್ಟಾ ಕುಮ್ಸಾರ ಮಾಡುವುದಿಲ್ಲ, ಕೊನೆಗಾಲದಲ್ಲಿ ಪಾದ್ರಿಗೆ ಪಾಪ ಹೇಳಿಕೊಳ್ಳುವುದಿಲ್ಲ ಎನ್ನುತ್ತಿದ್ದಾಳೆ.

ನಿನಗೆ ನಂಬಿಕೆಯಾಗದು. ಹುಷಾರಿದ್ದ ಕಾಲದಲ್ಲಿ ಪ್ರತಿ ಶನಿವಾರ ಪಾದ್ರಿಯ ಮುಂದೆ ಮೊಣಕಾಲೂರಿ, ಪಾಪ ಸಿಗದಿದ್ದರೆ ನೆರೆಮನೆಯ ಕೋಳಿಗೆ ಬೈದದ್ದನ್ನಾದರೂ ಹೇಳಿ ಬರುತ್ತಿದ್ದವಳು. ಮೊನ್ನೆ ಸತ್ತವರ ಹಬ್ಬದ ದಿನ ನಮ್ಮ ಇಗರ್ಜಿಯ ವಿಗಾರರು ಪರಮಪ್ರಸಾದವನ್ನೂ ರೋಗಿಗಳಿಗೆ ಹಚ್ಚುವ ಎಣ್ಣೆಯನ್ನೂ ಹಿಡಿದುಕೊಂಡು ಮನೆಗೇ ಬಂದರು. ಇವಳು ದಿಂಬಿಗೆ ಒರಗಿ ಕೂತು, "ಕಾಫಿ ಕುಡಿದು ಹೋಗಿ ಫಾದರ್. ಬೇರೆ ಎಂತದೂ ಬೇಡ" ಎಂದಳು. ಅವರು ಮೂರು ಸಲ ಕೇಳಿದರು. ಮೂರು ಸಲವೂ ಕಾಫಿಯನ್ನೇ ಮುಂದೆ ಮಾಡಿದಳು. ಕೊನೆಗೆ ಅವರು ಕಾಫಿ ಕುಡಿದೇ ಹೋದರು.

ಅವರು ಗೇಟು ದಾಟಿದ ಮೇಲೆ ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿ ಹೇಳಿದಳು: "ಕುಮ್ಸಾರ ಮಾಡಿದರೆ ನಾನು ಮೇಲೆ ಹೋಗ್ತೇನೆ. ಹಿಲರಿ ಅಲ್ಲಿ ಇಲ್ಲ. ಅವನು ಯೆಮ್‌ಕೊಂಡಿನಲ್ಲಿ, ನರಕದಲ್ಲಿ ಇದ್ದಾನೆ. ನಾನು ಅಲ್ಲಿಗೆ ಹೋಗುವವಳು."

ಹಿಲರಿ ತೀರಿಕೊಂಡಾಗ ನೀನು ರೋಮಿನಲ್ಲಿ ಗ್ರಂಥದ ಮೂಲಭಾಷೆಗಳನ್ನು ಓದುತ್ತಿದ್ದೆ. ನಾನು ಒಂದು ತಂತಿ ಕಳಿಸಿದೆ, ಅಷ್ಟೇ. ಆಮೇಲೆ ನಾನು ಬರೆಯಲಿಲ್ಲ, ನೀನು ಕೇಳಲಿಲ್ಲ. ಈಗ ಕ್ರಮವಾಗಿ ಹೇಳಿಬಿಡುತ್ತೇನೆ. ಮುಂಬಯಿಯ ಕೆಲಸ ಹೋಗಿ ಮನೆಗೆ ಬಂದ ಮೇಲೆ ಮಗ ಮಾತು ಕಡಿಮೆ ಮಾಡಿದ್ದ. ಎಪ್ಪತ್ತನಾಲ್ಕರ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಕಾಪುವಿಗೆ ಬಸ್ ಹತ್ತಿದ. ಸಂಜೆ ದೀಪಸ್ತಂಭದ ಬಂಡೆಯ ಮೇಲೆ ಅವನ ಅಂಗಿ ಸಿಕ್ಕಿತು, ಇಸ್ತ್ರಿ ಮಾಡಿದ ಹಾಗೆ ಮಡಚಿ ಇಟ್ಟದ್ದು. ಒಳಗೆ ವಾಚು, ಮೇಲೆ ಅವನ ಬೆಂತಿಣ್. ಕಾನ್ಸೆಪ್ಟಾ ತಾನೇ ಕಂದು ಉಣ್ಣೆಬಟ್ಟೆ ಕತ್ತರಿಸಿ ಹೊಲಿದು ಮಕ್ಕಳ ಕೊರಳಿಗೆ ಹಾಕುತ್ತಿದ್ದ ಬೆಂತಿಣ್. ಎರಡು ದಿನ ಬಿಟ್ಟು ಮಟ್ಟುವಿನ ಕಡೆ ದೇಹ ದಡಕ್ಕೆ ಬಂತು.

ಬೆಂತಿಣ್ ಧರಿಸಿ ಸತ್ತವನಿಗೆ ನರಕದ ಬೆಂಕಿ ತಟ್ಟುವುದಿಲ್ಲ ಎಂದು ನಮ್ಮ ಅಜ್ಜಿಯರು ಹೇಳಿಕೊಂಡು ಬಂದದ್ದು ನಿನಗೆ ಗೊತ್ತು. ಹಾಗಾದರೆ ಬೇಕೆಂದೇ ಬಿಚ್ಚಿಟ್ಟು ನೀರಿಗೆ ಇಳಿದವನು ಎಲ್ಲಿಗೆ ಹೋಗುವವನು? ಊರು ಆ ಬಟ್ಟೆಯ ತುಂಡನ್ನು ನೋಡಿಯೇ ತೀರ್ಪು ಕೊಟ್ಟಿತು. ಆಗಿನ ವಿಗಾರರು ಅಳುತ್ತಲೇ, ತಾವಾಗಿ ಜೀವ ಬಿಟ್ಟವರಿಗೆ ಇಗರ್ಜಿ ಮಾಡಿದ ಕಾಯಿದೆ ಪಾಲಿಸಿದರು. ಗಂಟೆ ಬಾರಿಸಲಿಲ್ಲ. ಸಿಮಿತ್ರಿಯ ಗೋಡೆಯ ಆಚೆ ಮಣ್ಣು ಮಾಡಿದೆವು.

ಕಾನ್ಸೆಪ್ಟಾ ಅಂದಿನಿಂದ ಈ ಬಗ್ಗೆ ಒಂದು ಮಾತು ಆಡಿರಲಿಲ್ಲ. ಒಳಗೊಳಗೇ ತಯಾರಿ ಮಾಡಿಕೊಳ್ಳುತ್ತಿದ್ದಳು ಎಂದು ಈಗ ತಿಳಿಯುತ್ತಿದೆ. ಈ ವರ್ಷ, ಮಾಂಸ ಮುಟ್ಟಬಾರದ ಶುಭ ಶುಕ್ರವಾರದಂದು, ಪಕ್ಕದ ಗದ್ದೆಯ ದೇಜಪ್ಪನ ಹೆಂಡತಿಯಿಂದ ಕೋಳಿ ಸುಕ್ಕ ತರಿಸಿ ತಿಂದಳು. ರೋಗದಿಂದ ಬುದ್ಧಿ ಮಂಕಾಯಿತೆಂದು ನಾನು ತಿಳಿದೆ. ತಿಂದದ್ದನ್ನು ಹಿತ್ತಿಲಲ್ಲಿ ಕಕ್ಕಿದಳು; ಬಾಯಿ ತೊಳೆದು ಬಂದು ಇನ್ನೊಂದು ತುಂಡು ತಿಂದಳು. ಬೆಂಜಮಿನ್, ಅವಳು ಒಂದು ಮಹಾಪಾಪಕ್ಕಾಗಿ ಕಷ್ಟಪಡುತ್ತಿದ್ದಳು. ರೋಗ ಹಿಡಿದವಳಿಗೆ ಪಾಪ ಮಾಡುವುದೂ ಸುಲಭವಲ್ಲ.

"ಅಲ್ಲಿ ಬೆಂಕಿ ಉಂಟು, ಕಾನ್ಸೆಪ್ಟಾ" ಎಂದೆ ಮೊನ್ನೆ, ವಿಗಾರರು ಹೋದ ಮೇಲೆ, ಹುಚ್ಚನ ಹಾಗೆ.

"ಇರಲಿ. ಅವನಿಗೆ ಸಣ್ಣಂದಿನಿಂದ ಕತ್ತಲೆಯೆಂದರೆ ಆಗುವುದಿಲ್ಲ. ಹತ್ತು ವರ್ಷದವರೆಗೆ ನನ್ನ ಸೆರಗು ಹಿಡಿದು ಮಲಗಿದವನು. ಒಬ್ಬನೇ ಇದ್ದಾನೆ."

ದೀಪಾವಳಿಯೂ ಸತ್ತವರ ಹಬ್ಬವೂ ಈ ವರ್ಷ ಒಟ್ಟಿಗೇ ಬಂದವು. ಮುಂಚಿನ ಸಂಜೆ ದೇಜಪ್ಪ ಗದ್ದೆಯಲ್ಲಿ ದೀಪವಿಟ್ಟು ಬಲೀಂದ್ರನನ್ನು ಕೂಗಿ ಕರೆಯುವುದು ಮಲಗಿದ್ದವಳಿಗೆ ಕೇಳಿಸಿತ್ತು. "ಅವರ ಪಾತಾಳದವನಿಗೆ ವರ್ಷಕ್ಕೊಮ್ಮೆ ಮೇಲೆ ಬರಲು ರಜೆ ಉಂಟು. ನಮ್ಮವರಿಗೆ ಅದೂ ಇಲ್ಲ" ಎಂದಿದ್ದಳು. ಆಗ ನಾನು ನಕ್ಕಿದ್ದೆ.

ಈಗ ನಿನ್ನಿಂದ ಬೇಕಾದದ್ದು. ಉಡುಪಿಯ ಹಳೆಯ ಸಹೋದ್ಯೋಗಿಯೊಬ್ಬರಿಂದ ಕನ್ನಡದ ಪವಿತ್ರ ಗ್ರಂಥ ತಂದು ಓದುತ್ತಿದ್ದೇನೆ. ಮಗ ಸತ್ತನೆಂದು ನಂಬಿದ ಯಾಕೋಬ, ದುಃಖಿಸುತ್ತಲೇ ಮಗನ ಬಳಿಗೆ ಪಾತಾಳಕ್ಕೆ ಇಳಿಯುತ್ತೇನೆ ಎನ್ನುತ್ತಾನೆ. ಅನುವಾದದ ಕಾದಂಬರಿ ಓದುವಾಗಲೂ ನನಗೊಂದು ಚಾಳಿ: ಇಲ್ಲಿ ಮೊದಲು ಯಾವ ಶಬ್ದ ಕೂತಿತ್ತು ಎಂದು ಯೋಚಿಸುವುದು. ನಮ್ಮ ಪಾತಾಳದಲ್ಲಿ ಬಲಿಯಿದ್ದಾನೆ, ನಾಗರಿದ್ದಾರೆ. ಅದು ಯೆಮ್‌ಕೊಂಡ್ ಅಲ್ಲ. ಯೆಮ್‌ಕೊಂಡಿನಲ್ಲಿಯೂ ನಮ್ಮ ಯಮನೇ ಕೂತಿದ್ದಾನೆ. ಹಾಗಾದರೆ ಯಾಕೋಬನ ಬಾಯಲ್ಲಿದ್ದ ಹೀಬ್ರೂ ಶಬ್ದ ಯಾವುದು? ಅದರ ಅರ್ಥವೇನು, ಎಲ್ಲಿಂದ ಬಂತು? ದೇವರು ಮೆಚ್ಚಿದ ಮುದುಕ ಹೋಗಬೇಕೆಂದ ಜಾಗ ನರಕವಾಗಿರಲಾರದು. ಅಲ್ಲಿ ಬೆಂಕಿಯಿಲ್ಲ, ಶಾಪವಿಲ್ಲ, ಎಲ್ಲರೂ ಹೋಗುವ ಸ್ಥಳ ಅದು ಎಂದು ನೀನು ತಿಳಿದು ಬರೆದರೆ ಅವಳಿಗೆ ಓದಿ ಹೇಳುತ್ತೇನೆ. ಬೇರೆ ದಾರಿ ನನಗೆ ಕಾಣುವುದಿಲ್ಲ. ಬೇಗ ಬರೆ.

ನಿನ್ನ ಅಣ್ಣ,
ಸ್ಟ್ಯಾನಿಸ್ಲಾಸ್

ತಾ.ಕ.: ಸಮಾಧಾನದ ಮಾತು ಬರೆಯಬೇಡ. ಅವಳಿಗೆ ವಾಸನೆ ಹತ್ತುತ್ತದೆ. ಶಬ್ದದ ವಿಷಯ ಮಾತ್ರ ಬರೆ.


ಬೆಳ್ಮಣ್
೧೭ ಡಿಸೆಂಬರ್ ೧೯೭೮

ಪ್ರೀತಿಯ ಬೆಂಜಮಿನ್,

ಕ್ರಿಸ್ಮಸ್ ಹತ್ತಿರ ಬಂತು, ನಿನ್ನ ಸೆಮಿನರಿಯಲ್ಲಿ ಗಡಿಬಿಡಿ ಇರಬಹುದು. ಅದರ ನಡುವೆಯೂ ಎಂಟು ಪುಟ ಬರೆದೆ. ಅದು ತಲುಪಿ ಹತ್ತು ದಿನವಾದರೂ ಉತ್ತರಿಸದಿದ್ದುದಕ್ಕೆ ಸೋಮಾರಿತನ ಕಾರಣವಲ್ಲ. ನಾನು ಸೋತಿದ್ದೇನೆ. ಅದನ್ನು ಬರೆಯಲು ಕೈ ಬರಲಿಲ್ಲ.

ನಿನ್ನ ಪತ್ರವನ್ನು ನಾನು ಮೊದಲು ಒಬ್ಬನೇ ಓದಿದೆ. ಶೆಯೋಲ್. ಶಬ್ದವನ್ನು ಬಾಯಿಬಿಟ್ಟು ಹೇಳಿ ನೋಡಿದೆ. ಇಡೀ ಗ್ರಂಥದಲ್ಲಿ ಅದು ಮೊತ್ತಮೊದಲು ಬರುವುದೇ ಮಗನನ್ನು ಕಳೆದುಕೊಂಡ ಆ ತಂದೆಯ ಬಾಯಲ್ಲಿ ಎಂದು ನೀನು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ. ಆಮೇಲೆ ಅವಳ ಬಳಿ ಕೂತು, ಹಿಂದೆ ತರಗತಿಯಲ್ಲಿ ಮಾಡುತ್ತಿದ್ದ ಹಾಗೆ, ನಿಧಾನವಾಗಿ ಓದಿದೆ.

ಅದು ಊರಿನ ಹೆಸರಿನಂತೆ ಬಳಕೆಯಾಗುವ ಶಬ್ದ ಎಂದೆ. ಕಾಪು, ಕಾರ್ಕಳ ಎನ್ನುವ ಹಾಗೆ. ಅಲ್ಲಿ ಬೆಂಕಿಯಿಲ್ಲ, ಕತ್ತಲೆ, ಧೂಳು, ಮೌನ. ಅರಸನೂ ಆಳೂ, ಒಳ್ಳೆಯವನೂ ಕೆಟ್ಟವನೂ ಹೋಗುವುದು ಅಲ್ಲಿಗೇ. ಗ್ರೀಕರು, ಲ್ಯಾಟಿನಿನವರು ಅನುವಾದಿಸುವಾಗ ತಮ್ಮ ತಮ್ಮ ಅಧೋಲೋಕದ ಹೆಸರುಗಳನ್ನು ಅಲ್ಲಿಟ್ಟರು. ಬೆಂಕಿಯ ಚಿತ್ರ ಅದಕ್ಕೆ ಅಂಟಿಕೊಂಡದ್ದು ಕಾಲಾನಂತರ. ಮೂಲ ಮಾತ್ರ ಯಾರಿಗೂ ಖಚಿತವಿಲ್ಲ. ಕೇಳು ಎಂಬ ಧಾತುವಿನಿಂದ ಬಂತು ಎನ್ನುವವರಿದ್ದಾರೆ, ಎಷ್ಟು ಕೊಟ್ಟರೂ ಇನ್ನೂ ಕೇಳುವ ಹೊಟ್ಟೆ ಅದು ಎಂದು. ಅಥವಾ ಬದುಕಿರುವವರು ಸತ್ತವರನ್ನು ಪ್ರಶ್ನೆ ಕೇಳುತ್ತಿದ್ದುದರಿಂದ. ಅಂಗೈಯ ಗುಳಿಯಂಥ ಪೊಳ್ಳು ಎನ್ನುವವರೂ ಇದ್ದಾರೆ, ಪಾಳುಬಿದ್ದದ್ದು ಎನ್ನುವವರೂ. ಇನ್ನೂ ಪೂರ್ವದ ಯಾವುದೋ ಹಳೆಯ ನುಡಿಯಿಂದ ಬಂದಿರಬೇಕು ಎಂಬ ಊಹೆಯೂ ಉಂಟು. ಎಲ್ಲವನ್ನೂ ಹೇಳಿದೆ.

ಅವಳು ಕಣ್ಣು ಮುಚ್ಚಿ ಕೇಳಿದಳು. ನಿದ್ದೆ ಬಂತೆಂದು ತಿಳಿದೆ.

"ಯಾಕೋಬ ಹಾಗೆ ಹೇಳಿದ್ದಕ್ಕೆ ದೇವರು ಅವನಿಗೆ ಬೈದರಾ?" ಎಂದು ಕೇಳಿದಳು.

"ಇಲ್ಲ."

"ಮಗನ ಹತ್ತಿರ ಹೋಗ್ತೇನೆ ಅಂದ. ಅದು ಒಳ್ಳೆ ಜಾಗವಾ ಕೆಟ್ಟ ಜಾಗವಾ ಅಂತ ಕೇಳಿದನಾ?"

"ಕೇಳಲಿಲ್ಲ."

"ನೋಡಿ, ಹಾಗಾದರೆ" ಎಂದಳು. ಎಷ್ಟೋ ದಿನದಿಂದ ಕಾಣದಿದ್ದ ಒಂದು ನಗೆ ಅವಳ ಮುಖದಲ್ಲಿ ಬಂತು. "ಇಷ್ಟು ದಿನ ನನಗೆ ಒಂದು ಹೆದರಿಕೆ ಇತ್ತು. ಇದು ದೇವರ ಮೇಲೆ ಹಟ ಮಾಡಿದ ಹಾಗೆ ಆಗ್ತದಾ ಅಂತ. ಈಗ ಇಲ್ಲ. ನಿಮ್ಮ ತಮ್ಮನಿಗೆ ನನ್ನ ಕಡೆಯಿಂದ ಉಪಕಾರ ಅಂತ ಬರೆಯಿರಿ."

ನಾನು ಅವಳಿಗೆ ಆ ಕಡೆಯ ಬಾಗಿಲು ಮುಚ್ಚಲು ಹೋಗಿ ಅವಳ ಪರವಾಗಿಯೇ ಒಂದು ಸಾಕ್ಷಿಯನ್ನು ತಂದುಕೊಟ್ಟೆ. ಅದೂ ಮೂಲದಿಂದ. "ಎಲ್ಲರೂ ಹೋಗುವ ಜಾಗವಾದರೆ ನೀನು ಕುಮ್ಸಾರ ಮಾಡಿದರೂ ಅವನ ಹತ್ತಿರವೇ ಹೋಗುತ್ತೀ" ಎಂದು ವಾದಿಸಿದೆ. "ಅದು ಯಾಕೋಬನ ಕಾಲದಲ್ಲಿ. ಈಗ ಮೇಲೆ, ಕೆಳಗೆ ಅಂತ ಎರಡು ಉಂಟು. ನೀವು ಪುಸ್ತಕದವರು, ನಿಮಗೆ ಎಲ್ಲ ಒಂದೇ" ಎಂದಳು. ದೇವರ ಕರುಣೆ ಕಾಯಿದೆಗಿಂತ ದೊಡ್ಡದು ಎಂದು ವಿಗಾರರು ಬಂದು ಹೇಳಿದರು. "ಆ ಕರುಣೆ ಅವತ್ತು ಗಂಟೆ ಬಾರಿಸಲಿಲ್ಲ ಫಾದರ್" ಎಂದು ಅವರಿಗೆ ಮತ್ತೆ ಕಾಫಿ ಮಾಡಿಸಿದಳು.

ಈಗ ನೋವು ಹೆಚ್ಚಾಗಿದೆ. ಊಟ ಗಂಜಿತಿಳಿ ಮಾತ್ರ. ಲೊರ್ನಾ ಅಡಿಗೆಮನೆಯಲ್ಲಿ ನಿಂತು ಅಳುತ್ತಾಳೆ, "ಪಪ್ಪಾ, ಮಾಯ್ ಹೀಗೇ ಹೋದರೆ ಎಂತ ಮಾಡುವುದು?" ಎನ್ನುತ್ತಾಳೆ. ನನ್ನ ಬಳಿ ಇನ್ನು ಶಬ್ದಗಳಿಲ್ಲ. ನಿನ್ನ ಬಳಿ ಇದ್ದರೆ ಕಳಿಸು.

ಮಕ್ಕಳಿಗೆ ಪಾಠ ಹೇಳುವಾಗ ನಮ್ಮನ್ನು ನೆನಪಿಸಿಕೋ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ,
ಸ್ಟ್ಯಾನಿ

ತಾ.ಕ.: ಇಷ್ಟೆಲ್ಲ ಮಾತಿನಲ್ಲಿ, "ನೀವು ಎಲ್ಲಿಗೆ ಹೋಗ್ತೀರಿ?" ಎಂದು ಅವಳು ನನ್ನನ್ನು ಒಮ್ಮೆಯೂ ಕೇಳಲಿಲ್ಲ.


ಬೆಳ್ಮಣ್
೪ ಮಾರ್ಚ್ ೧೯೭೯

ಪ್ರೀತಿಯ ತಮ್ಮ,

ತಂತಿ ನಿನಗೆ ಸಮಯಕ್ಕೆ ಸಿಕ್ಕಿತು, ಪೂಜೆಯನ್ನೂ ಅರ್ಪಿಸಿದೆ ಎಂದು ಬರೆದಿದ್ದೀ. ಬರಲಾಗದ್ದಕ್ಕೆ ನೊಂದುಕೊಳ್ಳಬೇಡ. ನಿನ್ನ ಎರಡು ಪತ್ರಗಳಿಗೂ ಸೇರಿಸಿ ಈಗ ಬರೆಯುತ್ತಿದ್ದೇನೆ. ಕಳೆದ ವಾರವಿಡೀ ಜನ ಬಂದು ಹೋಗುತ್ತಿದ್ದರು.

ಹೇಗಾಯಿತು ಎಂದು ಕೇಳಿದ್ದೀ. ಹೇಳುತ್ತೇನೆ.

ಜನವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ದೇಜಪ್ಪ ಎಳನೀರು ಕೊಯ್ದು ತಂದುಕೊಟ್ಟು ಜಗಲಿಯಲ್ಲಿ ಕೂತಿದ್ದ. ನಮ್ಮ ಮನೆಯಲ್ಲಿ ಏನೋ ನಡೆದಿದೆ ಎಂದು ಅವನಿಗೆ ಅಂದಾಜಿತ್ತು. "ಮಾಸ್ಟ್ರೇ, ಬಾಯಮ್ಮ ಯಾರದ್ದೋ ಅಜ್ಜನ ಕಥೆ ಹೇಳ್ತಾರಂತೆ ನನ್ನ ಹೆಂಡತಿ ಹತ್ತಿರ. ಮಗನನ್ನು ಹುಡುಕಿಕೊಂಡು ಪಾತಾಳಕ್ಕೆ ಹೋದವ. ಎಂತ ಕಥೆ ಅದು?" ಎಂದ. ಬೇಸರದಲ್ಲಿದ್ದವನು ಹೇಳತೊಡಗಿದೆ. ಅಣ್ಣಂದಿರು ಆ ಹುಡುಗನನ್ನು ಮಾರಿಬಿಟ್ಟದ್ದು, ಅವನ ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ತಂದೆಗೆ ತೋರಿಸಿದ್ದು, ಆ ಬಟ್ಟೆಯನ್ನು ನೋಡಿ ಮಗ ಸತ್ತನೆಂದು ಯಾಕೋಬ ನಿಶ್ಚಯ ಮಾಡಿದ್ದು.

"ಮತ್ತೆ? ಸಿಕ್ಕಿದನಾ ಮಗ ಕೆಳಗೆ?"

"ಕೆಳಗೆ ಎಲ್ಲಿಂದ ಸಿಗುವುದು ಮಾರಾಯ? ಅವನು ಸತ್ತೇ ಇರಲಿಲ್ಲ. ಬೇರೆ ದೇಶದಲ್ಲಿ ದೊಡ್ಡ ಅಧಿಕಾರಿಯಾಗಿದ್ದ."

ದೇಜಪ್ಪ ತೊಡೆ ತಟ್ಟಿ ನಕ್ಕ. "ಅಯ್ಯೋ ಅಜ್ಜನೇ! ಅವಸರ ಮಾಡಿ ಹೋಗಿದ್ದರೆ ಅಲ್ಲಿ ಕತ್ತಲೆಯಲ್ಲಿ ಒಬ್ಬನೇ ತಡಕಾಡಿಕೊಂಡು ಇರಬೇಕಿತ್ತು ಅಲ್ವಾ!"

ಅವನು ಹೋದ. ನಾನು ಎಳನೀರು ಹಿಡಿದು ಒಳಗೆ ಹೋದಾಗ, ಜಗಲಿಯ ಮಾತೆಲ್ಲ ಕೇಳಿಸಿಕೊಂಡ ಕಾನ್ಸೆಪ್ಟಾ ಎದ್ದು ಕೂತಿದ್ದಳು. ತಾನಾಗಿ ಎದ್ದು ಕೂರುವ ಶಕ್ತಿ ಅವಳಲ್ಲಿರಲಿಲ್ಲ, ಹೇಗೆ ಎದ್ದಳೋ. ಎರಡು ಕೈಯಿಂದ ಮಂಚದ ಅಂಚು ಹಿಡಿದಿದ್ದಳು.

"ನಾನು ಹೋಗಿ, ಅವನು ಅಲ್ಲಿ ಇಲ್ಲದಿದ್ದರೆ?" ಎಂದಳು.

ಈ ಕಥೆಯನ್ನು ಅವಳು ಮಗುವಾಗಿದ್ದಾಗಿನಿಂದ ಬಲ್ಲಳು. ಆದರೂ ಯಾಕೋಬನ ಮಗ ಅಲ್ಲಿ ಇರಲಿಲ್ಲ ಎಂಬುದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬಂದಿರಲಿಲ್ಲ, ಎಂಟು ಪುಟ ಬರೆದ ನಿನಗೂ ಇಲ್ಲ.

ಅದು ಗೆಲುವು ಎಂದು ತಿಳಿಯಬೇಡ. ಆ ವಾರ ನಾನು ಕಂಡದ್ದನ್ನು ಯಾರೂ ಕಾಣಬಾರದು. ಅಷ್ಟು ವರ್ಷ ಮಗ ಎಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಅದು ನರಕವಾದರೂ ವಿಳಾಸವಾಗಿತ್ತು. ಈಗ ಅದೂ ಹೋಯಿತು. ನೋವಿಗೆ ಕೂಗದವಳು, "ಎಲ್ಲಿದ್ದೀ ಬಾಳಾ? ಎಲ್ಲಿದ್ದೀ?" ಎಂದು ಮಾಡಿನ ಹೆಂಚಿಗೆ ಕೇಳುವಳು. ನಿನ್ನ ಶಬ್ದದ ಮೂಲಗಳಲ್ಲಿ ಯಾವುದು ಸರಿಯೋ ನನಗೆ ತಿಳಿಯದು. ಆದರೆ ಆ ದಿನಗಳಲ್ಲಿ ನಮ್ಮ ಕೋಣೆಯೇ ಶೆಯೋಲ್ ಆಗಿತ್ತು. ಕೇಳುವುದು ಮಾತ್ರ ಇತ್ತು, ಉತ್ತರ ಇರಲಿಲ್ಲ.

ಒಂದು ಭಾನುವಾರ ಲೊರ್ನಾ ತಾಯಿಯ ತಲೆ ಬಾಚುತ್ತಿದ್ದಳು. ಕೂದಲೆಂದರೆ ಏನೂ ಉಳಿದಿರಲಿಲ್ಲ. ಕಾನ್ಸೆಪ್ಟಾ ಬೆಂತಿಣಿನ ಮಾತು ತೆಗೆದಳು. "ಬಿಚ್ಚಿ ಇಟ್ಟನಲ್ಲ. ನಾನು ಹೊಲಿದದ್ದನ್ನು ಬಿಚ್ಚಿ ಇಟ್ಟನಲ್ಲ."

ಲೊರ್ನಾ ಬಾಚಣಿಗೆ ನಿಲ್ಲಿಸಿದಳು. "ಮಾಯ್, ನೀನೇ ಅಲ್ವಾ ತೆಗೆದಿಡಲು ಹೇಳಿದ್ದು?"

"ನಾನಾ?"

"ಕಾಪುವಿಗೆ ಹೋದಾಗ. ಅವನ ಹೊಸ ಬಿಳಿ ಅಂಗಿಗೆ ಬೆಂತಿಣಿನ ಕಂದು ಬಣ್ಣ ಇಳಿದು, ನೀನು ತೆಂಗಿನ ಗರಿಯಲ್ಲಿ ಎರಡು ಬಾರಿಸಿದ್ದು ಮರೆತಾ? ಉಪ್ಪುನೀರಿಗೆ ಬಣ್ಣ ಬಿಡ್ತದೆ, ಬೆಂತಿಣ್ ತೆಗೆದಿಟ್ಟು ನೀರಿಗೆ ಇಳೀರಿ ಅಂತ ನಮಗಿಬ್ಬರಿಗೂ ಹೇಳಿದ್ದಿ. ನಾನು ಈಗಲೂ ತೆಗೆದಿಡ್ತೇನೆ."

"ಅದು ಅವನು ಸಣ್ಣವನಿದ್ದಾಗ."

"ದೊಡ್ಡವನಾದ ಮೇಲೆ ಬಣ್ಣ ಬಿಡುವುದಿಲ್ವಾ?"

ಕಾನ್ಸೆಪ್ಟಾಳ ಭುಜ ಅಲುಗುವುದು ಕಂಡಿತು. ಅಳುತ್ತಾಳೆಂದು ಹತ್ತಿರ ಓಡಿದೆ. ನಗುತ್ತಿದ್ದಳೋ ಅಳುತ್ತಿದ್ದಳೋ, ಈಗಲೂ ನನಗೆ ತಿಳಿಯದು. "ಅಂಗಿಯನ್ನೂ ಮಡಚಿ ಇಟ್ಟಿದ್ದ" ಎಂದಳು. "ಮುದ್ದೆ ಮಾಡಿ ಬಿಸಾಡಿದರೆ ನಾನು ಬೈತೇನೆ ಅಂತ." ಆಮೇಲೆ, "ಈಜಲು ಇಳಿದದ್ದಾ ಅವನು? ಕಾಲು ಜಾರಿತಾ?" ಎಂದು ನನ್ನನ್ನು ಕೇಳಿದಳು.

"ಇರಬಹುದು" ಎಂದೆ.

ಮರುದಿನ ವಿಗಾರರಿಗೆ ಹೇಳಿ ಕಳಿಸಿದಳು. ಅವರು ಬರುವ ಮೊದಲು ಲೊರ್ನಾಳನ್ನು ಹೊರಗೆ ಕಳಿಸಿ ನನ್ನ ಕೈ ಹಿಡಿದುಕೊಂಡಳು. ಮದುವೆಯಾದಂದಿನಿಂದ ಹಗಲಿನಲ್ಲಿ ಅವಳಾಗಿ ನನ್ನ ಕೈ ಹಿಡಿದದ್ದು ನೆನಪಿಲ್ಲ. "ನಾನು ಮೇಲೆ ಹೋಗಿ ನೋಡ್ತೇನೆ. ಆದರೆ ಅಲ್ಲಿ ಸಿಗದಿದ್ದರೆ ನನಗೆ ಕೆಳಗೆ ಬರಲು ಬಿಡುವುದಿಲ್ಲ" ಎಂದಳು.

"ಆ ಕಡೆಯದ್ದು ನೀನು ಯೋಚನೆ ಮಾಡಬೇಡ. ನಾನು ನೋಡಿಕೊಳ್ಳುತ್ತೇನೆ" ಎಂದೆ.

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ತಲೆಯಾಡಿಸಿ ಕೈ ಬಿಟ್ಟಳು.

ಕುಮ್ಸಾರ ಸುಮಾರು ಹೊತ್ತು ನಡೆಯಿತು. ವಿಗಾರರು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು; ಆ ಕೋಳಿ ಸುಕ್ಕದ ಕಥೆ ಕೇಳಿರಬೇಕು ಎಂದು ನನ್ನ ಊಹೆ. ಅದಾದ ಮೇಲೆ ಅವಳು ಶಾಂತವಾಗಿದ್ದಳು. ಫೆಬ್ರವರಿ ಹದಿನೆಂಟರ ಬೆಳಿಗ್ಗೆ, ಲೊರ್ನಾ ಗಂಜಿತಿಳಿ ಆರಿಸುತ್ತಿರುವಾಗ, ಹೋದಳು. ಇಗರ್ಜಿಯ ಗಂಟೆಯನ್ನು ತುಂಬ ಹೊತ್ತು ಬಾರಿಸಿದರು. ಸಿಮಿತ್ರಿಯ ಒಳಗೆ, ಆದರೆ ಆ ಗೋಡೆಗೆ ತಾಗಿದ ಜಾಗವನ್ನು ಕೇಳಿ ಪಡೆದೆ. ಅವಳ ತಲೆಗೂ ಮಗನ ತಲೆಗೂ ನಡುವೆ ಈಗ ಒಂದು ಮುರಕಲ್ಲಿನ ದಪ್ಪವಷ್ಟೇ.

ಪಾಸ್ಖದ ಹಬ್ಬಕ್ಕೆ ಬರುತ್ತೇನೆಂದು ಬರೆದಿದ್ದೀ. ಬಾ. ಲೊರ್ನಾಳಿಗೆ ಧೈರ್ಯವಾಗುತ್ತದೆ. ನಿನ್ನ ಪೂಜೆ, ಪಾಠ, ಆರೋಗ್ಯ ಎಲ್ಲ ಚೆನ್ನಾಗಿರಲಿ. ಅಪ್ಪ ಅಮ್ಮ ಇದ್ದಿದ್ದರೆ ಕೊಡುತ್ತಿದ್ದ ಆಶೀರ್ವಾದವನ್ನೂ ಸೇರಿಸಿ ಕಳಿಸುತ್ತಿದ್ದೇನೆ.

ನಿನ್ನ ಅಣ್ಣ,
ಸ್ಟ್ಯಾನಿಸ್ಲಾಸ್

ತಾ.ಕ.: ಬಂದಾಗ ನನ್ನ ಕುಮ್ಸಾರ ಕೇಳಲು ಕೂರಬೇಡ. ವಿಗಾರರೂ ಕರೆಯುತ್ತಿದ್ದಾರೆ; ಮೊಣಕಾಲು ನೋವು ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೇನೆ. ಇದನ್ನು ತಮ್ಮನಾಗಿ ಓದು, ಪಾದ್ರಿಯಾಗಿ ಅಲ್ಲ. ಹಿಲರಿ ಕಾಪುವಿಗೆ ಹೋದ ಮಧ್ಯಾಹ್ನ ಅವನ ಮೈ ಒರೆಸುವ ಬೈರಾಸು ನಮ್ಮ ಅಂಗಳದ ಹಗ್ಗದ ಮೇಲೆಯೇ ಇತ್ತು. ಸಂಜೆ ಅದನ್ನು ಮಡಚಿ ಒಳಗಿಟ್ಟವನು ನಾನು; ಹೆಂಗಸರು ಗಮನಿಸಿರಲಿಲ್ಲ. ಈಜಲು ಹೋಗುವವನು ಬೈರಾಸು ಬಿಟ್ಟು ಹೋಗುತ್ತಾನೆಯೇ? ಮರೆತು ಹೋಗಿರಲೂಬಹುದು. ನಿನ್ನ ಶೆಯೋಲ್ ನಿಜವಾದರೆ ನಾವು ಮೂವರೂ ಒಂದೇ ಊರಿಗೆ ಹೋಗುತ್ತೇವೆ, ಯೋಚನೆಯಿಲ್ಲ. ಆದರೆ ಆ ಶಬ್ದದ ಮೂಲ ಯಾರಿಗೂ ಖಚಿತವಿಲ್ಲ ಎಂದು ನೀನೇ ಬರೆದೆ. ಖಚಿತವಿಲ್ಲದ ಶಬ್ದದ ಮೇಲೆ ಮಗನನ್ನು ಬಿಡಲಾರೆ. ಮೇಲೆ ಅವಳು ಹುಡುಕುತ್ತಾಳೆ. ಕೆಳಗಿನ ಕಡೆ ಒಬ್ಬರು ಇರಬೇಕಲ್ಲ. ಅವನಿಗೆ ಕತ್ತಲೆಯೆಂದರೆ ಆಗುವುದಿಲ್ಲ.